ಮೆಟ್ಟಿಲ ಮೇಲೆ ಕೂತು ಹೇಳಿಕೊಟ್ಟವರಿಗೆ

ಕಳೆದ ತಿಂಗಳು ವಾಷಿಂಗ್ಟನ್‌ನ ಲಿಂಕನ್ ಸ್ಮಾರಕಕ್ಕೆ ಹೋಗಿದ್ದೆವು. ಮರುದಿನ ಮೊಮ್ಮಗಳು ಶಾಲೆಯಲ್ಲಿ ಅಮೆರಿಕದ ಅಧ್ಯಕ್ಷ ಲಿಂಕನ್ ಅಂತರ್ಯುದ್ಧದ ನಡುವೆ ಹೊರಡಿಸಿದ 1863ರ ವಿಮೋಚನಾ ಘೋಷಣೆ ಬಗ್ಗೆ ಮಾತಾಡಬೇಕಿತ್ತು. "ಅಜ್ಜಿ, ಗುಲಾಮಗಿರಿ ತೆಗೆಯೋಕೆ ಬರೆದಿದ್ದು ಅಲ್ವಾ? ಮತ್ತೆ ಕೆಂಟಕಿ ರಾಜ್ಯದ ಗುಲಾಮರನ್ನ ಅದರಲ್ಲಿ ಯಾಕೆ ಸೇರಿಸಲಿಲ್ಲ?" ಅಂದಳು. ನನಗೆ ಗೊತ್ತಿರಲಿಲ್ಲ. ಅವಳ ಕಣ್ಣು ತುಂಬಿಕೊಂಡಿತ್ತು.

ಸ್ಮಾರಕ ನೋಡಿಕೊಳ್ಳುವ ರೇಂಜರ್ ಒಬ್ಬರು ಅಗಲ ಅಂಚಿನ ಟೋಪಿ ತೆಗೆದಿಟ್ಟು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತರು. ಕರಪತ್ರದ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ನಕ್ಷೆ ಗೀಚಿ, ಅಮೆರಿಕದ ಒಕ್ಕೂಟದ ವಿರುದ್ಧ ದಂಗೆ ಎದ್ದ ರಾಜ್ಯಗಳಿಗೆ ಮಾತ್ರ ಕಪ್ಪು ಬಳಿದರು. ಲಿಂಕನ್ ಆ ಘೋಷಣೆ ಹೊರಡಿಸಿದ್ದು ಸೇನೆಯ ಮುಖ್ಯಸ್ಥರಾಗಿ, ಯುದ್ಧದ ಕ್ರಮವಾಗಿ. ಹಾಗಾಗಿ ಒಕ್ಕೂಟದಲ್ಲೇ ಉಳಿದ ಕೆಂಟಕಿಗೆ ಅದು ತಾಗಲಿಲ್ಲ. ಆದರೆ ಕಪ್ಪು ಜನರಿಗೆ ಸೇನೆಯ ಬಾಗಿಲು ತೆರೆಯಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1.8 ಲಕ್ಷ ಮಂದಿ ಸೇರಿದ್ದರು. ಕೆಂಟಕಿಯ ಗುಲಾಮರಿಗೆ ಬಿಡುಗಡೆ ತಂದಿದ್ದು ಸಂವಿಧಾನದ 1865ರ 13ನೇ ತಿದ್ದುಪಡಿ.

ನಾನು ತಡವರಿಸಿದಾಗಲೆಲ್ಲ ಮಾತು ನಿಧಾನ ಮಾಡುತ್ತಿದ್ದರು. ಒಮ್ಮೆಯೂ ಗಡಿಯಾರ ನೋಡಲಿಲ್ಲ. ಮೊಮ್ಮಗಳು "ಓ!" ಅಂದಾಗ ನನ್ನ ಎದೆಯ ಭಾರ ಇಳಿದಂತಾಯಿತು.

ಅವರ ಹೆಸರು ಕೇಳಲು ಮರೆತೆ. ನಿಮಗೆ ತುಂಬಾ ಧನ್ಯವಾದ. ನೀವು ಕೊಟ್ಟ ಆ ಮೋಟು ಪೆನ್ಸಿಲ್ ಇನ್ನೂ ಅವಳ ಬ್ಯಾಗಿನಲ್ಲೇ ಇದೆ.