ಗೇರ್‌ಬಾಕ್ಸ್ ಇಳಿಸುವ ಮುಂಚೆ ಬುಷ್ ನೋಡಿ

ಮಾನ್ಯ ಸಂಪಾದಕರೇ,

ಅಪ್ಪ ಕೊಂಡ 1978ರ ಪ್ರೀಮಿಯರ್ ಪದ್ಮಿನಿ ಇನ್ನೂ ನಮ್ಮ ಮನೆಯಲ್ಲಿದೆ. ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್. ಮೊನ್ನೆ ಸಿಗ್ನಲ್‌ನಲ್ಲಿ ಫಸ್ಟ್ ಬೀಳಲೇ ಇಲ್ಲ, ಲಿವರ್ ಸುಮ್ನೆ ಲೊಡಲೊಡ ಅಲ್ಲಾಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸೇ ಇಳಿಸಬೇಕು ಎಂದರು. ನನಗೆ ಮನಸ್ಸು ಒಪ್ಪಲಿಲ್ಲ.

ಮನೆಯಲ್ಲೇ ಬಾನೆಟ್ ಎತ್ತಿದೆ. ಮಗಳು ಲಿವರ್ ಆಡಿಸಿದಳು, ನಾನು ಟಾರ್ಚ್ ಹಿಡಿದೆ. ಲಿವರ್ ಎರಡಿಂಚು ಸರಿದರೂ ಗೇರ್‌ಬಾಕ್ಸಿಗೆ ಹೋಗುವ ಕೆಳಗಿನ ರಾಡ್ ಕದಲುತ್ತಿರಲಿಲ್ಲ. ಕೀಲಿನ ಬುಷ್ (ಒಳಗೆ ಕೂರುವ ಪುಟ್ಟ ಬಳೆಯಂಥ ಭಾಗ) ಸವೆದು ಪುಡಿಯಾಗಿತ್ತು! ಹೊಸದು ಹಾಕಿ, ಗ್ರೀಸ್ ಹಚ್ಚಿ, ರಾಡಿನ ಉದ್ದ ಸರಿಮಾಡಿದೆ. ಈಗ ನಾಲ್ಕೂ ಗೇರ್ ಸಲೀಸಾಗಿ ಬೀಳುತ್ತವೆ.

ಈ ಕಾರಿನ ತಯಾರಿಕೆ ನಿಂತು ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು. ಚೆನ್ನಾಗಿರುವ ಗೇರ್‌ಬಾಕ್ಸನ್ನು ಬಿಚ್ಚಿ ಹಾಳುಮಾಡಬಾರದು, ಅಲ್ವಾ? ಮೆಕ್ಯಾನಿಕ್ ಅಣ್ಣಂದಿರೇ, ದಯವಿಟ್ಟು ಮೊದಲು ಲಿಂಕೇಜ್, ಅಂದರೆ ಲಿವರನ್ನು ಗೇರ್‌ಬಾಕ್ಸಿಗೆ ಸೇರಿಸುವ ರಾಡು, ಕೀಲುಗಳನ್ನು ನೋಡಿ.

– ಪದ್ಮಿನಿ ಮಾಲೀಕ, ಮೈಸೂರು