ರಗ್ಬಿ ವೃತ್ತಿ: ಸಂಬಳದ ಜೊತೆಗೆ ಮಂಡಿಯ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ರಗ್ಬಿಯನ್ನು ವೃತ್ತಿಯಾಗಿ ಆಯ್ದುಕೊಳ್ಳುವ ಬಗ್ಗೆ ಈಚೆಗೆ ತಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನವನ್ನು ಹಿಡಿದುಕೊಂಡು ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಪಿಯುಸಿ ಓದುತ್ತಿದ್ದಾನೆ, ಕಬಡ್ಡಿಯಲ್ಲಿ ಒಳ್ಳೆಯ ರೈಡರ್. ‘ಸಾರ್, ಇದಕ್ಕೆ ಹೋದ್ರೆ ಎಷ್ಟು ವರ್ಷ ಆಡಬಹುದು?’ ಎಂದು ಕೇಳಿದ. ಲೇಖನದಲ್ಲಿ ಮುಂಬೈಯ ಲೀಗಿನ ಜೊತೆಗೇ ವಿದೇಶಿ ಕ್ಲಬ್ಬುಗಳ ಸಂಬಳದ ಮಾತಿತ್ತು, ವರ್ಷಗಳ ಮಾತಿರಲಿಲ್ಲ. ಮಲೆನಾಡಿನ ಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಕನಾಗಿದ್ದ ನನಗೆ ಅವನ ಪ್ರಶ್ನೆಯೇ ಮುಖ್ಯವೆನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹದಿನೈದು ಜನರ ರಗ್ಬಿ ಯೂನಿಯನ್‌ನಲ್ಲಿ ಹಣ ಪಡೆದು ಆಡಲು ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1995ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಪೊಲೀಸರು, ವೈದ್ಯರು, ರೈತರು ತಮ್ಮ ಕೆಲಸ ಮುಗಿಸಿ ಅಭ್ಯಾಸಕ್ಕೆ ಬರುತ್ತಿದ್ದರು. ಆಟವೇ ಕಸುಬಾದ ಮೇಲೆ ಆಟಗಾರರ ಮೈಕಟ್ಟು ಬೆಳೆಯಿತು, ವೇಗ ಹೆಚ್ಚಿತು, ಅದರೊಂದಿಗೆ ಡಿಕ್ಕಿಯ ಬಲವೂ ಹೆಚ್ಚಿತು. 2013 ಮತ್ತು 2017ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರ ತಂಡವಾದ ಬ್ರಿಟಿಷ್ ಅಂಡ್ ಐರಿಷ್ ಲಯನ್ಸನ್ನು ಮುನ್ನಡೆಸಿದ ವೇಲ್ಸ್‌ನ ಸ್ಯಾಮ್ ವಾರ್ಬರ್ಟನ್, ಕುತ್ತಿಗೆ ಮತ್ತು ಮಂಡಿಯ ಶಸ್ತ್ರಚಿಕಿತ್ಸೆಗಳ ನಂತರ 2018ರಲ್ಲಿ ನಿವೃತ್ತರಾದಾಗ ಅವರಿಗೆ 29 ವರ್ಷ. ನಮ್ಮ ಹುಡುಗರು ಇನ್ನೂ ಸರ್ಕಾರಿ ನೌಕರಿಗೆ ಅರ್ಜಿ ಹಾಕುತ್ತಿರುವ ವಯಸ್ಸು ಅದು.

ಮಂಡಿಯ ನೋವು ಕಣ್ಣಿಗೆ ಕಾಣುತ್ತದೆ, ತಲೆಯ ಪೆಟ್ಟು ಕಾಣುವುದಿಲ್ಲ. 2003ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ 20-17ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿದ್ದು ಜಾನಿ ವಿಲ್ಕಿನ್ಸನ್ ಕೊನೆಯ ಗಳಿಗೆಯಲ್ಲಿ, ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಕಂಬಗಳ ನಡುವೆ ಒದ್ದ ಡ್ರಾಪ್ ಗೋಲಿನಿಂದ ಎಂಬುದು ಆ ಆಟ ಬಲ್ಲವರೆಲ್ಲರಿಗೂ ಗೊತ್ತು. ಆ ಗೋಲಿಗೆ ಮೊದಲು ಲೈನ್‌ಔಟ್‌ನಲ್ಲಿ (ಅಂಚಿನ ಗೆರೆ ದಾಟಿದ ಚೆಂಡನ್ನು ಎರಡು ಸಾಲುಗಳ ನಡುವೆ ಎಸೆದು ಆಟ ಮುಂದುವರಿಸುವುದು) ಚೆಂಡನ್ನು ಎಸೆದವರು, ಎರಡೂ ತಂಡದವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್‌ನ ಮುಂದಿನ ಸಾಲಿನ ನಡುವೆ ನಿಂತು ಎರಡೂ ಕಡೆಯ ಭಾರವನ್ನು ಕುತ್ತಿಗೆಯ ಮೇಲೆ ಹೊರುವ ಹೂಕರ್ ಸ್ಟೀವ್ ಥಾಂಪ್ಸನ್. ತಮಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆಯೆಂದೂ, ಆ ವಿಶ್ವಕಪ್ ಗೆದ್ದದ್ದೇ ನೆನಪಿಲ್ಲವೆಂದೂ ಅವರು 2020ರಲ್ಲಿ, ತಮ್ಮ 42ನೇ ವಯಸ್ಸಿನಲ್ಲಿ ಹೇಳಿಕೊಂಡರು. ತಲೆಯ ಪೆಟ್ಟಿನಿಂದ ತಮ್ಮನ್ನು ಕಾಪಾಡಲಿಲ್ಲವೆಂದು ಅವರೂ ಇತರ ಮಾಜಿ ಆಟಗಾರರೂ ಆಟದ ಆಡಳಿತ ಸಂಸ್ಥೆಗಳ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದಾರೆ. ಈಗ ತಲೆಗೆ ಪೆಟ್ಟಾದ ಅನುಮಾನ ಬಂದರೂ ಆಟಗಾರನನ್ನು ಹೊರಗೆ ಕರೆದು ಪರೀಕ್ಷಿಸುವ ನಿಯಮ ಬಂದಿದೆ ಎಂಬುದನ್ನು ಒಪ್ಪಬೇಕು.

ಸಂಬಳವಾದರೂ ಗಟ್ಟಿಯೇ? 1867ರಲ್ಲಿ ಹುಟ್ಟಿದ ವಾಸ್ಪ್ಸ್ ಕ್ಲಬ್ಬು, ವೂಸ್ಟರ್, ಲಂಡನ್ ಐರಿಷ್ ಎಂಬ ಮೂರು ಇಂಗ್ಲಿಷ್ ಕ್ಲಬ್ಬುಗಳು 2022 ಮತ್ತು 2023ರ ನಡುವೆ ಸಾಲದಲ್ಲಿ ಮುಳುಗಿದವು. ಕರಾರು ಕೈಯಲ್ಲಿದ್ದ ಆಟಗಾರರು ರಾತ್ರಿ ಕಳೆದು ಬೆಳಗಾಗುವುದರೊಳಗೆ ಕೆಲಸ ಹುಡುಕಬೇಕಾಯಿತು.

ದೂರದ ಮಾತೇಕೆ, ನನ್ನ ಶಿಷ್ಯನೊಬ್ಬ ರಾಜ್ಯಮಟ್ಟದಲ್ಲಿ ಕಬಡ್ಡಿ ಆಡುತ್ತಿದ್ದ. ಟೂರ್ನಿಯೊಂದರಲ್ಲಿ ಮಂಡಿಯ ಲಿಗಮೆಂಟ್ ಹರಿದಾಗ ಸಂಘಟಕರು ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿ, ಒಂದು ಶಾಲು ಹೊದಿಸಿ ಕೈತೊಳೆದುಕೊಂಡರು. ಶಸ್ತ್ರಚಿಕಿತ್ಸೆಗೆ ಅವನ ಅಪ್ಪ ಆ ವರ್ಷದ ಕಾಳುಮೆಣಸನ್ನು ಪೂರ್ತಿ ಮಾರಿದರು. ಈಗ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ತೂಕದ ಲೆಕ್ಕ ಬರೆಯುತ್ತಾನೆ. ಮೆಟ್ಟಿಲು ಇಳಿಯುವಾಗ ಎಡಗಾಲನ್ನು ಮೊದಲು ಇಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು, ಆಮೇಲೆ ಮುಂದಿನ ಮೆಟ್ಟಿಲು. ಅವನು ಡಿಗ್ರಿ ಮುಗಿಸಿದ್ದರಿಂದ ಆ ಕುರ್ಚಿಯಾದರೂ ಸಿಕ್ಕಿತು.

ಹುಡುಗರನ್ನು ರಗ್ಬಿಯಿಂದ ದೂರವಿಡಿ ಎನ್ನುವವನು ನಾನಲ್ಲ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಆಡಿದ್ದನ್ನು ನಾನೂ ಖುಷಿಯಿಂದ ನೋಡಿದೆ. ಆದರೆ ಅದು ಏಳು ಜನರ ಆಟ, ಕೆಲವೇ ದಿನಗಳ ಟೂರ್ನಿ. ವಿದೇಶದ ಹದಿನೈದು ಜನರ ಕ್ಲಬ್ಬಿನ ವರ್ಷಪೂರ್ತಿ ಸಂಬಳದೊಡನೆ ಅದನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಓದುವ ಮಕ್ಕಳು ದಾರಿ ತಪ್ಪುತ್ತಾರೆ. ಇಂಗ್ಲೆಂಡಿನಲ್ಲಿ ಆಟಗಾರರದೇ ಒಂದು ಸಂಘವಿದ್ದು, ಆಡುತ್ತಿರುವಾಗಲೇ ಓದಿಗೂ ಮುಂದಿನ ಕೆಲಸದ ತಯಾರಿಗೂ ನೆರವಾಗುತ್ತದೆ. ಇಲ್ಲಿ ಕರಾರು ಎಷ್ಟು ತಿಂಗಳದ್ದು, ಪೆಟ್ಟಾದರೆ ಆಸ್ಪತ್ರೆಯ ಬಿಲ್ಲು ಯಾರದು, ವಿಮೆ ಇದೆಯೇ, ಹಾಸ್ಟೆಲ್ಲಿನಲ್ಲಿರುವ ಮಕ್ಕಳ ಪರೀಕ್ಷೆಯ ಗತಿಯೇನು ಎಂಬುದನ್ನು ತಮ್ಮ ವರದಿಗಾರರು ಸಂಘಟಕರನ್ನು ಕೇಳಿ, ಅದೇ ಪುಟದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಬೇಕೆಂದು ವಿನಂತಿ. ಆ ಹುಡುಗನಿಗೆ ಮಾರ್ಚ್‌ನಲ್ಲಿ ಪರೀಕ್ಷೆ ಇದೆ; ಅದಕ್ಕೆ ಮೊದಲೇ ಬಂದರೆ ಒಳ್ಳೆಯದು.

– ನಿವೃತ್ತ ದೈಹಿಕ ಶಿಕ್ಷಕ, ಚಿಕ್ಕಮಗಳೂರು