ದ್ವೀಪ ನೋಡಬೇಕಾದರೆ ಬೆಳಿಗ್ಗೆಯೇ ಹೊರಡಬೇಕು ಮಾರಾಯಾ

ಪ್ರೀತಿಯ ಸತೀಶ,

ನೀನು ಕಳಿಸಿದ ಪಟ್ಟಿ ಓದಿದೆ. ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ಸು ಹತ್ತುವುದು, ಶನಿವಾರ ಬೆಳಿಗ್ಗೆ ಉಡುಪಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಮಧ್ಯಾಹ್ನ ಮುರುಡೇಶ್ವರದ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವುದು, ಭಾನುವಾರ ಕಾರವಾರದ ಕೂರ್ಮಗಡ ದ್ವೀಪ, ರಾತ್ರಿ ವಾಪಸ್. ಹೀಗೆ ಬಂದರೆ ನೀನು ದ್ವೀಪಕ್ಕಿಂತ ಹೈವೇ ನೋಡುವುದೇ ಜಾಸ್ತಿ ಮಾರಾಯಾ. ಉಡುಪಿಯಿಂದ ಮುರುಡೇಶ್ವರಕ್ಕೇ ಸುಮಾರು 100 ಕಿಲೋಮೀಟರ್ ಉಂಟು. ಅಲ್ಲಿಂದ ಕಾರವಾರಕ್ಕೆ ಇನ್ನೂ ಅಷ್ಟು, ಸ್ವಲ್ಪ ಹೆಚ್ಚೇ. ರಸ್ತೆಯ ವಿಷಯ ಬಿಡು, ಅದು ಹೇಗೋ ಸಾಗುತ್ತದೆ. ನಿನ್ನ ಪಟ್ಟಿಯಲ್ಲಿ ಕಡಲನ್ನು ಯಾರೂ ಕೇಳಿಯೇ ಇಲ್ಲ, ತಕರಾರು ಇರುವುದು ಅಲ್ಲಿ. ದ್ವೀಪಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು, ಹೋಗಬೇಕೋ ಬೇಡವೋ ಅನ್ನುವುದನ್ನು ಇಲ್ಲಿ ಕಡಲೇ ತೀರ್ಮಾನ ಮಾಡುತ್ತದೆ.

ಮೊದಲು ಗಾಳಿಯ ಲೆಕ್ಕ ಹೇಳುತ್ತೇನೆ. ನಮ್ಮ ಕಡೆ ಬೆಳಿಗ್ಗೆ ಕಡಲು ಸಾಮಾನ್ಯವಾಗಿ ತಣ್ಣಗಿರುತ್ತದೆ. ಬಿಸಿಲೇರಿದ ಹಾಗೆ ನೀರಿಗಿಂತ ನೆಲ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲಕ್ಕೆ ಹೋದಾಗ ಆ ಜಾಗಕ್ಕೆ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಊಟದ ಹೊತ್ತು ಕಳೆಯುವಷ್ಟರಲ್ಲಿ ನೀರಿನ ಮೇಲೆ ಸಣ್ಣ ಸಣ್ಣ ಬಿಳಿ ನೊರೆ ಏಳತೊಡಗುತ್ತದೆ, ಬೋಟು ಕುಣಿಯುತ್ತದೆ. ಹಾಗಾಗಿ ಮಧ್ಯಾಹ್ನದ ಸ್ಕೂಬಾ ಯೋಚನೆ ಬಿಟ್ಟುಬಿಡು. ಕಡಲಿಗೆ ಹೋಗುವ ಕೆಲಸ ಏನಿದ್ದರೂ ಬೆಳಿಗ್ಗೆ ಮುಗಿಸು, ಮಧ್ಯಾಹ್ನ ಮೀನು ಊಟ ಮಾಡಿ ಮಲಗು. ಇಲ್ಲಿನವರು ಮಾಡುವುದೂ ಅದನ್ನೇ.

ಮಳೆಗಾಲದಲ್ಲಂತೂ ದ್ವೀಪದ ಮಾತೇ ಎತ್ತಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯಲಿಕ್ಕೂ ಹೋಗುವಂತಿಲ್ಲ. ಸೇಂಟ್ ಮೇರೀಸ್‌ಗೆ ಜನ ಸಾಗಿಸುವ ಬೋಟುಗಳೂ ಮಳೆಗಾಲ ಪೂರ್ತಿ ದಡದಲ್ಲೇ ಇರುತ್ತವೆ. ನನ್ನ ಕೇಳಿದರೆ ಡಿಸೆಂಬರ್ ಅಥವಾ ಜನವರಿ. ಸೆಕೆ ಕಡಿಮೆ, ನೀರೂ ತಿಳಿಯಾಗಿರುತ್ತದೆ. ಆದರೆ ಕ್ರಿಸ್‌ಮಸ್ ರಜೆಯ ವಾರ ಬೇಡ. ಆಗ ಮಲ್ಪೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕಿದರೆ ಅದೇ ದೊಡ್ಡ ಸಾಧನೆ.

ಈಗ ಸೇಂಟ್ ಮೇರೀಸ್‌ಗೆ ಬರೋಣ. ಉಡುಪಿಯ ಹಳಬರು ಅದನ್ನು ತೋನ್ಸೆಪಾರ್ ಅನ್ನುತ್ತಾರೆ. ವಾಸ್ಕೋ ಡ ಗಾಮ 1498ರಲ್ಲಿ ಕೇರಳಕ್ಕೆ ಹೋಗುವ ಮೊದಲು ಇಲ್ಲಿ ಇಳಿದು ಶಿಲುಬೆ ನೆಟ್ಟ ಅಂತ ಕಥೆ. ಬೋಟಿನಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ, ಕೇಳಿಸಿಕೊಂಡು ಮುಂದೆ ಹೋಗು. ಅಲ್ಲಿ ನಿಜವಾಗಿ ನೋಡಬೇಕಾದ್ದು ಕಲ್ಲು. ಬಹಳ ಜನ ಬೋಟು ಇಳಿದು, ಎದುರಿಗಿರುವ ತೆಂಗಿನ ಮರದ ಕೆಳಗೆ ಫೋಟೋ ತೆಗೆಸಿಕೊಂಡು, ಚಿಪ್ಸ್ ತಿಂದು ವಾಪಸ್ ಬರುತ್ತಾರೆ. ನೀನು ಹಾಗೆ ಮಾಡಬೇಡ. ದಂಡೆ ಹಿಡಿದು ಕಲ್ಲಿನ ಕಂಬಗಳ ಕಡೆಗೆ ನಡೆ.

ಅವು ಯಾರೋ ಕಡಿದು ನಿಲ್ಲಿಸಿದ ಕಂಬಗಳಲ್ಲ. ಸುಮಾರು ಎಂಟೂವರೆ, ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗಿ ದೂರ ಸರಿಯುವ ಕಾಲದಲ್ಲಿ ಇಲ್ಲಿ ಲಾವಾ ಉಕ್ಕಿತ್ತು. ಉಕ್ಕಿದ ಲಾವಾ ನಿಧಾನಕ್ಕೆ ಆರುತ್ತಾ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಕೆಸರು ಬಿಲ್ಲೆ ಬಿಲ್ಲೆಯಾಗಿ ಬಿರಿಯುವುದನ್ನು ನೋಡಿದ್ದೀಯಲ್ವಾ, ಹಾಗೆ. ಆದರೆ ಇಲ್ಲಿ ಬಿರುಕು ಮೇಲ್ಮೈಯಲ್ಲೇ ನಿಲ್ಲಲಿಲ್ಲ, ಆಳಕ್ಕೆ ಇಳಿಯಿತು. ಅದಕ್ಕೇ ಕಂಬಗಳಾದವು. ಒಂದರ ತಲೆಯ ಮೇಲೆ ಕೂತು ಅಂಚು ಎಣಿಸು. ಹೆಚ್ಚಿನವಕ್ಕೆ ಆರು, ಕೆಲವಕ್ಕೆ ಐದು, ಏಳು ಅಂಚೂ ಸಿಗುತ್ತದೆ. ಬುಡದಲ್ಲಿ ನೀರು ತಾಗುವಷ್ಟು ಎತ್ತರದವರೆಗೆ ಸಣ್ಣ ಸಣ್ಣ ಚಿಪ್ಪುಗಳು ಕಚ್ಚಿಕೊಂಡಿರುತ್ತವೆ. ಬರಿಗಾಲಲ್ಲಿ ಹತ್ತಿದರೆ ಅಂಗಾಲು ಕೊಯ್ಯುತ್ತದೆ. ಚಪ್ಪಲಿಯಲ್ಲಿ ಹತ್ತಿದರೆ ಪಾಚಿಯ ಮೇಲೆ ಜಾರುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಂಡು ಬಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ಬೋರ್ಡೂ ಉಂಟು. ಅದರ ಮುಂದೆಯೇ ಕಲ್ಲಿನ ಮೇಲೆ ಹೆಸರು ಕೆತ್ತುವವರೂ ಉಂಟು, ಏನು ಹೇಳುವುದು.

ಅಲ್ಲಿ ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ನಡೆದರೆ ಕಾಲಡಿ ಕರಕರ ಅನ್ನುತ್ತದೆ. ನಿನ್ನ ಮಗಳು ಜೇಬು ತುಂಬಿಕೊಳ್ಳಲು ಹೊರಟರೆ ಬೇಡ ಅನ್ನು. ಒಳಗೆ ಸನ್ಯಾಸಿ ಏಡಿ ಮನೆ ಮಾಡಿಕೊಂಡಿದ್ದರೆ ಅದರ ಮನೆಯನ್ನೇ ಕಿತ್ತುಕೊಂಡ ಹಾಗೆ. ನೀರಿಗಿಳಿಯುವುದಾದರೆ ಕಾವಲಿನವರು ತೋರಿಸಿದ ಜಾಗದಲ್ಲಿ ಮಾತ್ರ. ಕಂಬಗಳ ಕಡೆ ಒಂದು ಹೆಜ್ಜೆ ಆಚೆ ಎಷ್ಟು ಆಳ ಅಂತ ಗೊತ್ತಾಗುವುದಿಲ್ಲ, ಅಲೆ ಎಳೆದು ಕಲ್ಲಿಗೇ ಬಡಿಯುತ್ತದೆ. ಅವರು ಸಿಳ್ಳೆ ಹಾಕುವುದು ಸುಮ್ನೆ ಅಲ್ಲ. ರಾತ್ರಿ ಉಳಿಯಲು ಬಿಡುವುದಿಲ್ಲ. ಮೊದಲ ಬೋಟಿಗೆ ಹೋಗು, ಆಗ ಅರ್ಧ ಗಂಟೆಯಾದರೂ ದ್ವೀಪ ಖಾಲಿ ಸಿಗುತ್ತದೆ.

ನೇತ್ರಾಣಿಗೆ ಬೇರೆಯೇ ದಿನ ಇಡು. ಅದು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ ಉಂಟು. ದ್ವೀಪದ ಮೇಲೆ ಇಳಿದು ತಿರುಗಾಡುವ ಆಸೆ ಬೇಡ, ಪ್ರವಾಸಿಗರ ಕೆಲಸವೆಲ್ಲ ಸುತ್ತಲಿನ ನೀರಿನಲ್ಲೇ. ಮೇಲೆ ಜಟ್ಟಿಗ ಅನ್ನುವ ದೈವದ ನೆಲೆ ಉಂಟು, ಮೀನುಗಾರರು ಅವನಿಗೆ ನಡೆದುಕೊಳ್ಳುತ್ತಾರೆ. ಆಡುಗಳು ಕಾಡು ಬಿದ್ದಿವೆ. ಕಡಿದಾದ ಬಂಡೆಯ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತುತ್ತಿರುತ್ತದೆ. ಇಂಥ ಜಾಗವನ್ನು ಹಿಂದೆ ನೌಕಾಪಡೆ ಗುಂಡಿನ ತಾಲೀಮಿಗೆ ಬಳಸುತ್ತಿತ್ತು ಅಂದರೆ ನಂಬಲಿಕ್ಕೇ ಕಷ್ಟ.

ನಿನಗೆ ಈಜು ಬರುವುದಿಲ್ಲ, ಗೊತ್ತು. ಅದು ದೊಡ್ಡ ಅಡ್ಡಿಯಲ್ಲ. ಮೊದಲ ಸಲ ಇಳಿಯುವವರ ಬೆನ್ನಿಗೇ ಒಬ್ಬ ತರಬೇತುದಾರ ಇರುತ್ತಾನೆ, 12 ಮೀಟರ್‌ಗಿಂತ ಕೆಳಗೆ ಕರೆದುಕೊಂಡು ಹೋಗುವಂತಿಲ್ಲ. ಮಗಳಿಗೆ 10 ತುಂಬಿದ್ದರೆ ಅವಳೂ ಇಳಿಯಬಹುದು. ಆದರೆ ಉಬ್ಬಸ, ಕಿವಿಯ ತೊಂದರೆ, ಹೃದಯದ ತೊಂದರೆ ಇದ್ದರೆ ಇಳಿಯುವ ಮೊದಲು ತುಂಬುವ ಫಾರ್ಮಿನಲ್ಲಿ ಮುಚ್ಚಿಡಬೇಡ. ಮೂಗು ಕಟ್ಟಿದ ನೆಗಡಿ ಇದ್ದರೂ ಅವತ್ತು ಬೇಡ. ಕೆಳಗೆ ಇಳಿದ ಹಾಗೆ ನೀರು ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಆಗ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಬೇಕು, ಟಪ್ ಅಂತ ಕಿವಿ ಬಿಡುತ್ತದೆ. ನೋವು ಶುರುವಾದ ಮೇಲೆ ಊದುವುದಲ್ಲ, ಅದಕ್ಕೆ ಮೊದಲೇ, ಸ್ವಲ್ಪ ಸ್ವಲ್ಪ ಇಳಿದ ಹಾಗೆಲ್ಲ. ನೆಗಡಿಯಿದ್ದರೆ ಗಾಳಿ ಕಿವಿಗೆ ಹೋಗುವ ದಾರಿಯೇ ಮುಚ್ಚಿರುತ್ತದೆ.

ಇನ್ನೊಂದು ತಮಾಷೆ ಕೇಳು. ಖುಷಿಯಾದರೆ ನೀನು ಹೆಬ್ಬೆರಳು ಎತ್ತುತ್ತೀಯಲ್ವಾ? ನೀರೊಳಗೆ ಹಾಗೆ ಮಾಡಿದರೆ ‘ಸಾಕು, ಮೇಲೆ ಹೋಗೋಣ’ ಅಂತ ಅರ್ಥ. ಅವರು ಸೀದಾ ಮೇಲಕ್ಕೆ ತಂದುಬಿಡುತ್ತಾರೆ. ಎಲ್ಲ ಸರಿ ಉಂಟು ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಒಳಗೆ ಮೊದಲು ನಿನಗೆ ಕೇಳಿಸುವುದು ನಿನ್ನದೇ ಉಸಿರು. ಆಮೇಲೆ ಸಣ್ಣಗೆ ಕಟ್ ಕಟ್ ಅನ್ನುವ ಸದ್ದು. ಬಂಡೆ ಕಚ್ಚುವ ಪ್ಯಾರಟ್ ಫಿಶ್‌ನ ಬಾಯಿಯಿಂದ ಬರುವುದು ಅದು. ಪಾಚಿಗಾಗಿ ಸತ್ತ ಹವಳವನ್ನೇ ಕಡಿದು, ಅರೆದು, ಮರಳು ಮಾಡಿ ಹಿಂದಿನಿಂದ ಬಿಡುತ್ತದೆ. ನೀರೊಳಗೆ ಮೀನುಗಳು ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಮೇಲೆ ಬಂದು ಕೈ ಅಗಲಿಸಿ ‘ಇಷ್ಟುದ್ದ’ ಅನ್ನುವವರದ್ದೆಲ್ಲ ಪೂರ್ತಿ ಸುಳ್ಳಲ್ಲ. ಕೆಂಪು ಬಣ್ಣ ಎಲ್ಲಕ್ಕಿಂತ ಬೇಗ ಮಾಯವಾಗುತ್ತದೆ, ಫೋಟೋಗೆ ಅಂತ ಕೆಂಪು ಬಟ್ಟೆ ಹಾಕಿಕೊಂಡರೆ ದಂಡ.

ನನ್ನ ಪ್ರಕಾರ ನೇತ್ರಾಣಿಯಲ್ಲಿ ಕಷ್ಟ ಇರುವುದು ನೀರೊಳಗಲ್ಲ, ಬೋಟಿನ ಮೇಲೆ. ಲಂಗರು ಹಾಕಿ ನಿಂತ ಬೋಟು ಓಡುವ ಬೋಟಿಗಿಂತ ಜಾಸ್ತಿ ಹೊರಳುತ್ತದೆ. ನಿನ್ನ ಸರದಿ ಬರುವವರೆಗೆ ಅಲ್ಲೇ ಕೂತಿರಬೇಕು, ಡೀಸೆಲ್ ವಾಸನೆ ಬೇರೆ. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಬೋಟು ಹತ್ತುವ ಮೊದಲೇ ತೆಗೆದುಕೋ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಬನ್ಸು ಬೇಡ. ಮೊಬೈಲ್ ನೋಡುತ್ತಾ ಕೂರಬೇಡ, ದೂರದ ದಡವನ್ನು ನೋಡು. ಮತ್ತೆ, ಡೈವ್ ಮಾಡಿದ ದಿನವೇ ಮಂಗಳೂರಿಂದ ವಿಮಾನ ಹತ್ತುವ ಯೋಚನೆ ಬೇಡ. ಒಂದು ಸಲ ಇಳಿದಿದ್ದರೆ 12 ಗಂಟೆ, ಒಂದಕ್ಕಿಂತ ಜಾಸ್ತಿ ಸಲ ಇಳಿದಿದ್ದರೆ 18 ಗಂಟೆಯಾದರೂ ಬಿಡಬೇಕು. ನೀರೊಳಗಿನ ಒತ್ತಡಕ್ಕೆ ರಕ್ತದಲ್ಲಿ ಕರಗಿದ ಸಾರಜನಕ ಮೆಲ್ಲಗೆ ಹೊರಗೆ ಹೋಗಬೇಕು.

ಇಷ್ಟೆಲ್ಲ ತಯಾರಿ ಮಾಡಿ ಹೋದ ದಿನ ಗಾಳಿ ಎದ್ದು ಬೋಟು ಬಿಡಲಿಲ್ಲ ಅಂತ ಇಟ್ಟುಕೋ. ಜಗಳಕ್ಕೆ ನಿಲ್ಲಬೇಡ. ಹೊನ್ನಾವರಕ್ಕೆ ಹೋಗು, ಹತ್ತಿರವೇ. ಅಲ್ಲಿ ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿನ ನಡುವೆ ಮರದ ಕಾಲುದಾರಿ ಮಾಡಿದ್ದಾರೆ. ಇಳಿತದ ಹೊತ್ತು ನೋಡಿ ಹೋಗಬೇಕು, ಭರತದಲ್ಲಿ ಹೋದರೆ ಬರೀ ನೀರು, ಎಲೆ. ಇಳಿತದಲ್ಲಿ ಕೆಸರು ಬಯಲಾಗುತ್ತದೆ. ಇಕ್ಕಳದಂಥ ಒಂದು ಕೈ ಮಾತ್ರ ದೊಡ್ಡದಿರುವ ಏಡಿಗಳು ಬಿಲದ ಬಾಯಲ್ಲಿ ನಿಂತು ಅದನ್ನು ಬೀಸುತ್ತಿರುತ್ತವೆ. ಅವು ಗಂಡು, ಹೆಣ್ಣನ್ನು ಕರೆಯುವ ರೀತಿ ಅದು. ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಉದ್ದ ಕೋಲಾಗಿ ಜೋತುಬಿದ್ದಿರುತ್ತದೆ. ಕಿತ್ತು ನೋಡಬೇಡ, ತಾನಾಗಿ ಬಿದ್ದದ್ದು ಕೆಳಗೇ ಸಿಗುತ್ತದೆ. ಅಳಿವೆಯ ಆಚೆ ಕಾಸರಕೋಡಿನ ಕಡಲ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಕಡಲ ತೀರಕ್ಕೆ ಕೊಡುವ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿದೆ, ಸಂಜೆಗೆ ಅಲ್ಲಿ ಕೂರಬಹುದು. ನಿಜ ಹೇಳಲಾ, ನನಗೆ ಮುರುಡೇಶ್ವರದ ಗದ್ದಲಕ್ಕಿಂತ ಹೊನ್ನಾವರವೇ ಇಷ್ಟ.

ಕಾರವಾರವನ್ನು ಈ ಸಲ ಬಿಟ್ಟುಬಿಡು. ಕೂರ್ಮಗಡ ಚಂದದ ಜಾಗವೇ, ಜನವರಿಯಲ್ಲಿ ನರಸಿಂಹನ ಜಾತ್ರೆಗೆ ಜನ ದೋಣಿ ತುಂಬಿಕೊಂಡು ಹೋಗುತ್ತಾರೆ. ಆ ತುಂಬಿಕೊಂಡು ಹೋಗುವುದೇ ನನಗೆ ಭಯ. 2019ರ ಜನವರಿ 21ರಂದು ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ತೀರಿಕೊಂಡರು. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಹಾಗಾಗಿ ಎಲ್ಲೇ ಆಗಲಿ, ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡ. ಕೊಟ್ಟದ್ದನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಕೂರಲೂಬೇಡ, ಹಾಕಿಕೊಂಡು ಬಕಲ್ ಸಿಕ್ಕಿಸು. ಕಾರವಾರದ ಹತ್ತಿರದ ಅಂಜುದೀವ್ ದ್ವೀಪ ಕೂಡ ನೋಡಬೇಕು ಅಂತ ಬರೆದಿದ್ದೀಯಲ್ಲ, ಅದು ನೌಕಾಪಡೆಯ ವಶದಲ್ಲಿದೆ, ಒಳಗೆ ಬಿಡುವುದಿಲ್ಲ.

ಹಾಗಾದರೆ ಹೀಗೆ ಮಾಡು. ನಾಲ್ಕು ದಿನ ರಜೆ ಹಾಕು, ವಾರದ ನಡುವೆ. ಒಂದು ಬೆಳಿಗ್ಗೆ ಸೇಂಟ್ ಮೇರೀಸ್, ಒಂದು ಬೆಳಿಗ್ಗೆ ನೇತ್ರಾಣಿ, ಒಂದು ದಿನ ಕಡಲು ಕೈಕೊಟ್ಟರೆ ಅಂತ ಖಾಲಿ ಇಡು. ತಾರೀಕು ಗಟ್ಟಿ ಮಾಡುವ ಮೊದಲು ನನಗೊಂದು ಫೋನ್ ಮಾಡು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಭರತ, ಇಳಿತ ಎರಡೂ ಜೋರು. ಇಳಿತದ ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೊನ್ನಾವರಕ್ಕೆ ಎಷ್ಟು ಗಂಟೆಗೆ ಹೋಗಬೇಕು ಅಂತ ನೋಡಿ ಹೇಳುತ್ತೇನೆ. ಬಸ್ಸಿಗಿಂತ ರೈಲಿನಲ್ಲಿ ಬಾ. ಉಡುಪಿ ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಇಂತಿ ನಿನ್ನ,
ಪ್ರಕಾಶ